ಸಾಸಿವೆ ಕಾಳಿನಂಥ ಚರೆ

ನಮ್ಮ ಮನೆಯ ತೋಟಾ ಕೋವಿ ಮಾವನವರ ಕಾಲದ್ದು. ಬೆಳೆ ಕಾಯುವುದಕ್ಕೆಂದು ಲೈಸೆನ್ಸ್ ಕೊಟ್ಟಿದ್ದು. ತಿ. ನರಸೀಪುರದ ಹತ್ತಿರ ಹೊಳೆದಂಡೆಯಲ್ಲಿ ನಮ್ಮ ಕಬ್ಬಿನ ಗದ್ದೆ. ತೊಂಬತ್ತರ ದಶಕದ ಕೊನೆಗೆ ಅಲ್ಲಿಗೆ ಕಾಡುಹಂದಿ ಬೀಳತೊಡಗಿದವು.

ತೋಟಾಗಳನ್ನು ನಾನು ಅರ್ಥ ಮಾಡಿಕೊಂಡದ್ದು ಅಡುಗೆಮನೆಯ ಲೆಕ್ಕದಲ್ಲೇ. ಮೇಲಿನ ನಂಬರು ದೊಡ್ಡದಾದಷ್ಟೂ ಒಳಗಿನ ಚರೆ, ಅಂದರೆ ಸೀಸದ ಕಾಳು, ಸಣ್ಣದು. ಎಂಟನೇ ನಂಬರಿನದು ಸಾಸಿವೆಯಷ್ಟು, ಹಕ್ಕಿಗೆ. ನಾಲ್ಕನೆಯದು ಮೆಣಸಿನ ಕಾಳು, ಮೊಲಕ್ಕೆ. ಎಲ್‌ಜಿ ಅನ್ನುವುದರಲ್ಲಿ ಕಡಲೆಗಿಂತ ದಪ್ಪನೆಯ ಸೀಸದ ಗುಂಡು, ಬೆರಳೆಣಿಕೆಯಷ್ಟೇ, ಅದು ಹಂದಿಗೆ. ಗೋಲಿಯಂಥ ಒಂಟಿ ಗುಂಡಿನದೂ ಇದೆಯಂತೆ, ನಾನು ನೋಡಿಲ್ಲ. ನಮ್ಮ ಮನೆಗೆ ಬರುತ್ತಿದ್ದುದು ಸಾಸಿವೆಯದು ಮಾತ್ರ. ಲಿಂಗ ಕಟ್ಟಿಕೊಂಡವರು ನಾವು, ಜೀವ ತೆಗೆಯುವ ಹಾಗಿಲ್ಲ. ದೂರದಿಂದ ಹೊಡೆದರೆ ಸದ್ದಾಗುತ್ತದೆ, ಚುರುಕ್ಕೆನ್ನುತ್ತದೆ, ಹಂದಿ ಓಡುತ್ತದೆ, ಸಾಕು ಎನ್ನುತ್ತಿದ್ದರು ಯಜಮಾನರು.

ಮೈದುನ ಆಡಿಕೊಳ್ಳುತ್ತಿದ್ದ. “ಅಣ್ಣೋ, ಆ ಸಾಸ್ವೆನ ಅತ್ಗೆಗೆ ಕೊಡು, ಒಗ್ಗರಣೆಗಾದ್ರೂ ಆಯ್ತದೆ. ಅಂದಿಗೆ ಎಲ್‌ಜಿ ತತ್ತಾ!”

“ಕೊಂದ್ಬುಟ್ಟು ಅದೇ ಕೈಲಿ ಲಿಂಗ ಇಡ್ಕೊಳ್ಳಕಾಯ್ತದೇನ್ಲಾ?” ಎಂದರು ಇವರು.

“ಅದು ಮೇಲೆ ಬಂದಾಗ ಏಳು, ನಾನು ಲಿಂಗವಂತ ಅಂತ. ಕೈ ಮುಗ್ದು ಓಯ್ತದೆ.”

ಎಲ್ಲರೂ ನಕ್ಕೆವು.

ಒಂದು ಬೆಳಗ್ಗೆ ಬದುವಿನ ತಿರುವಿನಲ್ಲಿ ದೊಡ್ಡ ಗಂಡುಹಂದಿ ಎದುರಾಯಿತು. ಇವರು ಹೊಡೆದರು. ಸಾಸಿವೆ ಅದರ ಚರ್ಮಕ್ಕೆ ಉರಿ ಹಚ್ಚಿತು, ಅಷ್ಟೇ. ಓಡುವ ಬದಲು ನುಗ್ಗಿ ಬಂದು ಇವರ ಮೊಣಕಾಲು ಸೀಳಿ ಹಾಕಿತು.

ಮೈಸೂರಿನ ಆಸ್ಪತ್ರೆಯಲ್ಲಿ ಎಚ್ಚರವಾದಾಗ ಕೇಳಿದ್ದು ಒಂದೇ: “ಅದು ಸತ್ತೋಯ್ತಾ?”

“ಇಲ್ಲ ಕಣ್ರೀ. ಕಬ್ಬೊಳೀಕೆ ಓಡೋಯ್ತಂತೆ.”

“ಸದ್ಯ,” ಎಂದು ಕಣ್ಣು ಮುಚ್ಚಿದರು. ಜೀವ ಉಳಿಯಿತು, ಕೈಗೆ ರಕ್ತ ಅಂಟಲಿಲ್ಲ. ನಾನು ನಂಜನಗೂಡಿಗೆ ಹೋಗಿ ಕಪಿಲೆಯಲ್ಲಿ ಮಿಂದು ಉರುಳು ಸೇವೆ ಮಾಡಿ ಬಂದೆ.

ಆದರೆ ಕಾಲು ಮಡಚಲೇ ಇಲ್ಲ. ಪೂಜೆಗೆ ಕುರ್ಚಿ ಹಾಕಿಕೊಟ್ಟೆ. ಕೆಲವು ತಿಂಗಳು ಕೂತರು. ಆಮೇಲೆ ವಿಭೂತಿ ತಟ್ಟೆ ಹಾಗೇ ಉಳಿಯತೊಡಗಿತು. ಹಂದಿಗಳು ಗದ್ದೆಯನ್ನು ಮತ್ತೆ ಉತ್ತು ಹಾಕಿದ ದಿನ ತಮ್ಮನನ್ನು ಕರೆದರು.

“ಎಲ್‌ಜಿ ತತ್ತಾ ಕಣ್ಲಾ.”

ಮೈದುನ ನಗಲಿಲ್ಲ. “ಬ್ಯಾಡ ಬುಡಣ್ಣೋ, ನಾನ್ ತಮಾಸೆಗಂದಿದ್ದು,” ಎಂದ. ಇವರು ಕೇಳಲಿಲ್ಲ.

ತೋಟಾ ಬಂದ ದಿನ ಕೊರಳಿನ ಲಿಂಗದ ಕರಡಿಗೆ ಬಿಚ್ಚಿ ನನ್ನ ಕೈಗಿಟ್ಟರು. “ನೀನೇ ಮಡಿಕ್ಕೊ.” ಅವರು ಕೋಪದಲ್ಲೂ ಇರಲಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿದ್ದು.

ಈಗ ಅವರ ಲಿಂಗಕ್ಕೂ ನಾನೇ ನೀರೆರೆಯುತ್ತೇನೆ. ಅವರು ಗದ್ದೆಯ ತಲೆಯಲ್ಲಿ ಕುರ್ಚಿ ಹಾಕಿಕೊಂಡು ಕೋವಿಯನ್ನು ಮಡಿಲಲ್ಲಿಟ್ಟು ಕೂರುತ್ತಾರೆ. ಕಾಲು ಸರಿಯಾಗಲಿ ಎಂದು ದೇವರನ್ನು ಕೇಳುವುದನ್ನು ಬಿಟ್ಟಿದ್ದೇನೆ. ಹಂದಿ ಎದುರಿಗೆ ಬಾರದಿರಲಿ ಎಂದಷ್ಟೇ ಕೇಳುತ್ತೇನೆ. ಇವತ್ತೂ ಬರಲಿಲ್ಲ.