ಆಂಟಿ ಕೊಟ್ಟ ಹಳೇ ಕಾರ್ಬುರೇಟರ್

ಮೊನ್ನೆ ಹಿತ್ತಾಳೆಯ ದೀಪಗಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಾ ಕೂತಿದ್ದೆ. ಕೆಳಗೆ ಪಾರ್ಕಿಂಗಿನಲ್ಲಿ ಯಾರೋ ಬೈಕಿನಿಂದ ಬಾಟಲಿಗೆ ಪೆಟ್ರೋಲ್ ಇಳಿಸಿಕೊಳ್ಳುತ್ತಿದ್ದರು. ಅದರ ವಾಸನೆ ಅಡುಗೆಮನೆಯ ಕಿಟಕಿಯಿಂದ ಒಳಗೆ ಬಂತು. ಹುಣಸೆಹಣ್ಣಿನ ಹುಳಿ ವಾಸನೆಯೂ ಪೆಟ್ರೋಲಿನ ವಾಸನೆಯೂ ಒಂದರೊಳಗೊಂದು ಸೇರಿದ್ದೇ ತಡ, ನನ್ನ ಕೈ ತಾನಾಗಿ ನಿಂತಿತು. ಈ ಎರಡು ವಾಸನೆಗಳು ಒಟ್ಟಿಗೆ ಬರುತ್ತಿದ್ದ ಮನೆ ಈ ಊರಿನಲ್ಲಿ ಒಂದೇ ಇತ್ತು. ಹಲಸೂರು ಕೆರೆಯ ಹಿಂದಿನ ಗಲ್ಲಿಯಲ್ಲಿದ್ದ ನಮ್ಮ ಓನರ್ ಆಂಟಿಯ ಮನೆ...

ತೊಂಬತ್ತರ ದಶಕದಲ್ಲಿ ನಾನು ರಾಯಚೂರಿನಿಂದ ಬಂದು ದೊಮ್ಮಲೂರಿನ ಒಂದು ಶಾಲೆಯಲ್ಲಿ ಕನ್ನಡ ಟೀಚರ್ ಆಗಿದ್ದೆ. ಆಂಟಿಯ ಮನೆಯ ಮಹಡಿಯ ಮೇಲಿನ ರೂಮು ನನ್ನದು. ಆಂಟಿ ಕೆ.ಆರ್. ಪುರಂ ಕಡೆಯ ಒಂದು ಕಾರ್ಖಾನೆಯಲ್ಲಿ ಸಣ್ಣ ಸಣ್ಣ ತಂತಿಗಳನ್ನು ಬೆಸುಗೆ ಹಾಕುವ ಕೆಲಸ ಮಾಡಿ, ಸ್ವಯಂನಿವೃತ್ತಿ ತೆಗೆದುಕೊಂಡು ಮನೆಯಲ್ಲಿದ್ದರು. ಅಂಕಲ್ ಅದೇ ಕಾರ್ಖಾನೆಯವರು. ಅವರಿಗೆ ಮಕ್ಕಳಿರಲಿಲ್ಲ, ಕಾರಿತ್ತು. ಹೀಗೆ ನಾನು ಹೇಳುತ್ತಿಲ್ಲ, ಆಂಟಿಯೇ ಹೇಳುತ್ತಿದ್ದುದು. ನಗುತ್ತಲೇ ಹೇಳುತ್ತಿದ್ದರು, ಆದರೆ ಹೇಳಿದ ಮೇಲೆ ಒಳಗೆ ಹೋಗಿಬಿಡುತ್ತಿದ್ದರು.

ನೋಡಲು ಅದು ಹಳೆಯ ಕಾಲದ ಚೌಕಾಕಾರದ ಕಾರು. ಬಾನೆಟ್ಟಿನ ಒಳಗಿನ ಕಥೆಯೇ ಬೇರೆ. ಅಂಕಲ್ ವರ್ಷಗಟ್ಟಲೆ ಕೂತು ಅದರ ಎಂಜಿನ್ನನ್ನು ರೇಸಿಗೆ ಹೋಗುವಷ್ಟು ಬಲಪಡಿಸಿದ್ದರು. ತೊಂದರೆ ಒಂದೇ. ಎಂಜಿನ್ನಿನ ಹಸಿವು ಬೆಳೆದಿತ್ತು, ಪೆಟ್ರೋಲ್ ಉಣಿಸುವ ಕಾರ್ಬುರೇಟರ್ ಮಾತ್ರ ಕಂಪನಿಯಿಂದ ಬಂದ ಆ ಒಂದೇ ಒಂದು ಚಿಕ್ಕದು. ಹಾಗಾಗಿ ಕೆರೆಯ ಪಕ್ಕದ ತಿರುವಿನಲ್ಲಿ ಅಂಕಲ್ ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಕಾರು ಗುರ್ರೆಂದು ಮೇಲೇರಿ, ಪೆಟ್ರೋಲ್ ಸಾಲದೆ, ಕೊನೆಗೊಮ್ಮೆ ಬಿಕ್ಕುತ್ತಿತ್ತು. ಆ ಬಿಕ್ಕಳಿಕೆ ನಮ್ಮ ಗಲ್ಲಿಗೆಲ್ಲ ಕೇಳುತ್ತಿತ್ತು. ಅದು ಕೇಳಿದರೆ ಆಂಟಿ ಹಾಲಿನ ಪಾತ್ರೆ ಒಲೆಗಿಡುತ್ತಿದ್ದರು. ಅಂಕಲ್ ಗೇಟು ತೆಗೆದು, ಕಾರು ಒಳಗೆ ಬಿಟ್ಟು, ಕೈ ತೊಳೆದು ಬರುವ ಹೊತ್ತಿಗೆ ಕಾಫಿ ಸಿದ್ಧವಾಗಿರುತ್ತಿತ್ತು. ಮಹಡಿಯ ಮೇಲಿದ್ದ ನನಗೂ ಆ ಬಿಕ್ಕಳಿಕೆ ಎಂದರೆ ಸಂಜೆಯಾಯಿತು ಎಂದೇ ಅರ್ಥ.

ಅಂಕಲ್‌ಗೆ ಮಾತ್ರ ಆ ಬಿಕ್ಕಳಿಕೆ ಕಂಡರೆ ಮೈಯೆಲ್ಲ ಉರಿ. ತಮ್ಮ ಮರ್ಯಾದೆಯೇ ಹೋಗುತ್ತಿದೆ ಎನ್ನುವವರಂತೆ ಆಡುತ್ತಿದ್ದರು. ಯಾರದೋ ರೇಸ್ ಕಾರಿನಿಂದ ಬಿಚ್ಚಿದ ಎರಡು ದೊಡ್ಡ ಕಾರ್ಬುರೇಟರ್‌ಗಳನ್ನು ಒಂದು ದಿನ ಮಗುವಿನ ಹಾಗೆ ಎತ್ತಿಕೊಂಡು ಬಂದರು. ಹಳೆಯದನ್ನು ಬಿಚ್ಚಿ ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು. ಎಂಜಿನ್ನಿನ ತೆರೆದ ಬಾಯಿಗೆ ಧೂಳು ಹೋಗದಂತೆ ಒಂದು ಕರ್ಚೀಫು ತುರುಕಿದರು. ಬರುವ ಭಾನುವಾರ ಕೂರಿಸುತ್ತೇನೆ ಎಂದರು. ಆ ಭಾನುವಾರ ಅವರು ಇರಲಿಲ್ಲ... ಕಾರ್ಖಾನೆಯಲ್ಲೇ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲವಂತೆ.

ವರ್ಷದ ಕಾರ್ಯ ಮುಗಿಯುವವರೆಗೆ ಆಂಟಿ ಬಾನೆಟ್ ಮುಟ್ಟಲಿಲ್ಲ. ಆ ಕರ್ಚೀಫು ಎಂಜಿನ್ನಿನ ಬಾಯಲ್ಲೇ ಇತ್ತು. ಆಮೇಲೊಂದು ದಿನ ನಾನು ಶಾಲೆಯಿಂದ ಬಂದಾಗ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾನೆಟ್ ಎತ್ತಿ ನಿಂತಿದ್ದರು.

"ಟೀಚರಮ್ಮಾ, ಆ ಸದ್ದು ನಿಂಗೆ ನೆನಪಿದ್ಯಾ?" ಎಂದು ಕೇಳಿದರು.

ಯಾವ ಸದ್ದೆಂದು ನಾನು ಕೇಳಬೇಕಾಗಿರಲಿಲ್ಲ. "ನೆನಪೈತ್ರೀ ಆಂಟಿ" ಎಂದು ಹೇಳಿ, ವ್ಯಾನಿಟಿ ಬ್ಯಾಗು ಹೆಗಲಲ್ಲಿರುವಾಗಲೇ ಬಾಯಲ್ಲಿ ಗುರ್ರೆಂದು ಶುರುಮಾಡಿ, ಕೊನೆಗೆ ಒಮ್ಮೆ ಬಿಕ್ಕಿಯೂ ತೋರಿಸಿದೆ. ಕನ್ನಡ ವ್ಯಾಕರಣ ಕಲಿಸುವವಳು ರಸ್ತೆಯ ಕಡೆ ಮುಖ ಮಾಡಿ ಕಾರಾಗಿದ್ದೆ. ಆಂಟಿ ತಲೆ ಓರೆ ಮಾಡಿ ಕೇಳಿಸಿಕೊಂಡರು.

"ಗಂಟಲಿಂದಲ್ಲ ಕಣೇ, ಎದೆಯಿಂದ ಬರ್ಬೇಕು. ಇನ್ನೊಂದ್ಸಲ ಮಾಡು."

ಮತ್ತೆ ಮಾಡಿದೆ. ಆಂಟಿಗೆ ನಗು ಬಂತು, ಅಳುವೂ ಬಂತು. ಹೀಗೆ ಅಂಕಲ್ ತಂದಿಟ್ಟಿದ್ದ ಆ ಎರಡು ದೊಡ್ಡ ಕಾರ್ಬುರೇಟರುಗಳನ್ನು ಕೂರಿಸುವ ಅವರ ಕೆಲಸ ಶುರುವಾಯಿತು.

ಶಿವಾಜಿನಗರದ ಗುಜರಿ ಗಲ್ಲಿಯಲ್ಲಿ ಅಂಕಲ್‌ಗೆ ಪರಿಚಯವಿದ್ದ ಸ್ಪೇರ್ ಪಾರ್ಟಿನ ಅಂಗಡಿ ಇತ್ತು. ಅವೆರಡಕ್ಕೂ ಪೆಟ್ರೋಲ್ ಸಾಲುವಂಥ ಪೈಪು, ಪಂಪು ಹುಡುಕಿಕೊಂಡು ಆಂಟಿಯ ಜೊತೆ ನಾನೂ ಹೋದೆ. ಅಂಗಡಿಯ ಭಾಯಿ ಎಲ್ಲ ಕೇಳಿಸಿಕೊಂಡು, ಟೀ ತರಿಸಿಕೊಟ್ಟು, ಬಹಳ ಕಳಕಳಿಯಿಂದ ಹೇಳಿದರು.

"ಅರೆ ಭಾಬಿ, ಯಾಕೆ ಇಷ್ಟ್ ಪರೇಶಾನ್? ಹಳೇದು ಐತಲ್ಲ ಮನೇಲಿ, ಅದೇ ಹಾಕ್ಬಿಡಿ. ನಾನೇ ಬಂದು ಹಾಕ್ಕೊಡ್ತೀನಿ. ಒಂದೇ ಘಂಟೆ, ಗಾಡಿ ಮೊದ್ಲಿನ್ ಥರಾನೇ ಓಡ್ತದೆ."

ಮೊದಲಿನ ಥರವೇ... ಆಂಟಿಯ ಕೈಯಲ್ಲಿದ್ದ ಟೀ ಲೋಟ ಅಲ್ಲೇ ನಿಂತಿತು. ಅವರಿಗೆ ಬೇಕಾಗಿದ್ದುದು ಅದೇ ಸದ್ದು, ಮೊದಲಿನ ಸದ್ದು. ಹಳೆಯ ಕಾರ್ಬುರೇಟರ್ ಕೂರಿಸಿದರೆ ಅದು ಅಂದೇ ಸಿಗುತ್ತಿತ್ತು. ಅಂಕಲ್‌ಗೆ ಬೇಕಾಗಿದ್ದುದು ಆ ಸದ್ದು ಇಲ್ಲವಾಗುವುದು. ಇಬ್ಬರಲ್ಲಿ ಒಬ್ಬರ ಆಸೆ ಮಾತ್ರ ಆ ಕಾರಿನಲ್ಲಿ ಉಳಿಯಲು ಸಾಧ್ಯವಿತ್ತು. ನಾನಾಗಿದ್ದರೆ ಅಲ್ಲೇ ಹೂಂ ಅಂದುಬಿಡುತ್ತಿದ್ದೆ, ಸುಳ್ಳೇಕೆ ಹೇಳಲಿ.

"ಇಲ್ಲ ಭಾಯ್, ದಪ್ಪ ಪೈಪ್ ಕೊಡಿ. ಅವ್ರು ಹೇಳಿದ್ದೇ ಮಾಡ್ಬೇಕು" ಎಂದರು ಆಂಟಿ.

ಆ ಬೇಸಿಗೆಯಿಂದ ನವರಾತ್ರಿಯವರೆಗೆ ನಮ್ಮ ಪೋರ್ಟಿಕೋ ಒಂದು ಪುಟ್ಟ ಕಾರ್ಖಾನೆಯಾಗಿತ್ತು. ಆಂಟಿಗೆ ಕಾರಿನ ಕೆಲಸ ಯಾರೂ ಕೂರಿಸಿಕೊಂಡು ಕಲಿಸಿರಲಿಲ್ಲ. "ಊಟಕ್ಕೆ ಕೂತ್ರೆ ಅದೇ ಪುರಾಣ ಹೇಳೋರು. ಬೇಡ ಅಂದ್ರೂ ಬಾಯಿಪಾಠ ಆಗಿದೆ" ಎನ್ನುತ್ತಿದ್ದರು. ಬಾಯಿಪಾಠದಲ್ಲಿ ಎಲ್ಲಿಯಾದರೂ ಮರೆತರೆ ಭಾಯಿಯನ್ನು ಕೇಳಿ ಬರುತ್ತಿದ್ದರು. ಮೊದಲು ಬ್ಯಾಟರಿಯ ತಂತಿ ಕಳಚಿದರು. ಪಕ್ಕದಲ್ಲಿ ಒಂದು ಬಕೆಟ್ ಮರಳಿಟ್ಟರು. ಗೇಟಿನ ಹತ್ತಿರ ಹಚ್ಚುತ್ತಿದ್ದ ಊದುಬತ್ತಿಯನ್ನು ಹಿತ್ತಲಿಗೆ ವರ್ಗ ಮಾಡಿದರು. ಟ್ಯಾಂಕಿನ ಬಳಿ ಕರೆಂಟಿನ ಪಂಪು ಕೂರಿಸಿ, ಅಲ್ಲಿಂದ ಮುಂದಿನ ಎಂಜಿನ್ನಿನವರೆಗೆ ದಪ್ಪ ಪೈಪು ಎಳೆದರು. ಪಂಪು ಜೋರಾಗಿ ದೂಡಿದರೆ ಕಾರ್ಬುರೇಟರ್ ಉಕ್ಕಿ ಹರಿಯುತ್ತದೆಂದು ನಡುವೆ ಒತ್ತಡ ತಗ್ಗಿಸುವ ಒಂದು ಗುಂಡನೆಯ ಡಬ್ಬಿ ಹಾಕಿದರು. ಪೈಪಿನ ಉದ್ದಕ್ಕೂ ಮೂಗಿಟ್ಟು ಮೂಸುತ್ತಾ, ನೆಲಕ್ಕೆ ಪೇಪರ್ ಹಾಸಿ ಎಲ್ಲಾದರೂ ಒದ್ದೆಯಾಯಿತೇ ಎಂದು ನೋಡುತ್ತಾ ಕೂರುತ್ತಿದ್ದರು. ನನ್ನ ಪಾಲಿಗೆ ಬಂದ ಕೆಲಸ ಟಾರ್ಚ್ ಹಿಡಿಯುವುದು. ಅದನ್ನೂ ನಾನು ಸರಿಯಾಗಿ ಹಿಡಿಯುವುದಿಲ್ಲ ಎಂದು ಬೈಸಿಕೊಳ್ಳುತ್ತಿದ್ದೆ.

ಬಿಚ್ಚಿದ ಸಾಮಾನು ಇಡಲು ಆಂಟಿ ಬಳಸುತ್ತಿದ್ದುದು ಇಡ್ಲಿ ತಟ್ಟೆ. ಎಂಜಿನ್ನಿಗೆ ನಾಲ್ಕು ಸಿಲಿಂಡರ್, ತಟ್ಟೆಗೆ ನಾಲ್ಕು ಗುಳಿ. ಒಂದೊಂದು ಸಿಲಿಂಡರಿನ ಪಾಲಿನದು ಒಂದೊಂದು ಗುಳಿಯಲ್ಲಿ. ಕೊನೆಗೆ ಉಳಿದದ್ದು ಜೆಟ್ಟುಗಳು. ಕಾರ್ಬುರೇಟರಿಗೆ ಎರಡರಂತೆ ನಾಲ್ಕು ಪುಟ್ಟ ಹಿತ್ತಾಳೆಯ ತುಂಡುಗಳು, ನಡುವೆ ಕೂದಲೆಳೆ ದಾಟುವಷ್ಟು ತೂತು. ಕಾರು ಓಡುವಾಗ ಕುಡಿಯುವ ಪೆಟ್ರೋಲೆಲ್ಲ ಆ ತೂತಿನಿಂದಲೇ ಹೋಗಬೇಕು. ಆಯುಧಪೂಜೆ ಮುಗಿಸಿ, ವಿಜಯದಶಮಿಯ ದಿನ ಅವನ್ನು ಕೂರಿಸಿ ಕಾರು ಶುರು ಮಾಡುವುದು ಎಂದು ನಿರ್ಧಾರವಾಯಿತು.

ಹಬ್ಬದ ಹಿಂದಿನ ದಿನ ಆಂಟಿ ಎಂದಿನಂತೆ ದೇವರ ಸಾಮಾನನ್ನೆಲ್ಲ ಬಚ್ಚಲಿಗೆ ಹಾಕಿಕೊಂಡು ಹುಣಸೆಹಣ್ಣಿನಲ್ಲಿ ತಿಕ್ಕಿದರು. ದೀಪ, ಗಂಟೆ, ಪಂಚಪಾತ್ರೆ... ಪೂಜೆಗಿಡಲೆಂದು ಪೋರ್ಟಿಕೋದಿಂದ ಒಳಗೆ ಬಂದಿದ್ದ ಇಡ್ಲಿ ತಟ್ಟೆಯೂ ಕೈಗೆ ಸಿಕ್ಕಿತು. ಹಿತ್ತಾಳೆ ಕಂಡ ಕೈ ಸುಮ್ಮನಿರುತ್ತದೆಯೇ, ಜೆಟ್ಟುಗಳನ್ನೂ ತಿಕ್ಕಿದರು. ಮಾರನೆಯ ದಿನ ಅವು ಸ್ಪ್ಯಾನರುಗಳ ನಡುವೆ ಬಂಗಾರದಂತೆ ಹೊಳೆಯುತ್ತಿದ್ದವು. ಎಲ್ಲದಕ್ಕೂ ಕುಂಕುಮ ಹಚ್ಚಿದ ಆಂಟಿ ಜೆಟ್ಟುಗಳಿಗೆ ಮಾತ್ರ ಹಚ್ಚಲಿಲ್ಲ. "ತೂತು ಕಟ್ಕೊಂಡ್ರೆ ಕಷ್ಟ" ಎಂದು ನನಗೆ ತಿಳಿಹೇಳಿದರು. ಕಾರಿಗೆ ಮಂಗಳಾರತಿಯನ್ನೂ ಗೇಟಿನ ಆಚೆ ರಸ್ತೆಯಲ್ಲಿ ನಿಂತೇ ಎತ್ತಿದರು, ಪೆಟ್ರೋಲಿನ ಹತ್ತಿರ ಬೆಂಕಿ ಬೇಡವೆಂದು. ಅಷ್ಟು ಎಚ್ಚರ ಅವರದು.

ವಿಜಯದಶಮಿಯ ಬೆಳಿಗ್ಗೆ ಎಲ್ಲ ಕೂರಿಸಿ ಆಯಿತು. ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟು ಆಂಟಿ ಡ್ರೈವರ್ ಸೀಟಿನಲ್ಲಿ ಕೂತರು. ಬೀಗದ ಕೈ ತಿರುಗಿಸಿದಾಗ ಹಿಂದೆ ಪಂಪು ಝೀಂ ಎಂದಿತು. ಇನ್ನೊಂದು ಸಲ ತಿರುಗಿಸಿದಾಗ ಎಂಜಿನ್ ಶುರುವಾಯಿತು. ನಾನು ಶಾಲೆಯ ಮಕ್ಕಳ ಹಾಗೆ ಚಪ್ಪಾಳೆ ಹೊಡೆದೆ. ಆಮೇಲೆ ಆಂಟಿ ಆಕ್ಸಿಲರೇಟರ್ ಒತ್ತಿದರು. ಗುರ್ರೆಂದು ಮೇಲೇರಿದ ಸದ್ದು ಕೊನೆಗೆ ಬಿಕ್ಕಿತು!

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಆಂಟಿ ಮತ್ತೆ ಒತ್ತಿದರು, ಮತ್ತೆ ಬಿಕ್ಕಿತು. ನನ್ನ ಬಾಯಿಂದ ಎಷ್ಟು ತಿದ್ದಿದರೂ ಬಾರದ ಸದ್ದು, ಎದೆಯಿಂದಲೇ ಬರುತ್ತಿತ್ತು. ಆಂಟಿ ಸ್ಟಿಯರಿಂಗಿನ ಮೇಲೆ ಹಣೆಯಿಟ್ಟು, ಕಾಲು ತೆಗೆಯದೆ, ಅದನ್ನು ಕೇಳುತ್ತಾ ಕೇಳುತ್ತಾ ಕೂತರು. ಒಳಗೆ ಹೋಗಿ ಹಾಲು ಒಲೆಗಿಡಬೇಕೆಂದು ನನಗೇ ಅನ್ನಿಸಿತು. ಆ ಕ್ಷಣ ಅಂಕಲ್ ಕೈ ತೊಳೆದುಕೊಂಡು ಬಂದಿದ್ದರೆ ನನಗೆ ಆಶ್ಚರ್ಯವಾಗುತ್ತಿರಲಿಲ್ಲ...

"ಇರ್ಲಿ ಬಿಡ್ರೀ ಆಂಟಿ, ಹಂಗೇ ಇರ್ಲಿ. ಚಂದ ಐತಿ" ಎಂದೆ.

ಆಂಟಿ ಆಕ್ಸಿಲರೇಟರಿನಿಂದ ಕಾಲು ತೆಗೆದರು. ಆಮೇಲೆ ಕಾರು ಆರಿಸಿ, ಕಣ್ಣೊರೆಸಿಕೊಂಡು ಕೆಳಗಿಳಿದರು. "ಒಂದು ಸಿಲಿಂಡರ್‌ಗೆ ಪೆಟ್ರೋಲ್ ಹೋಗ್ತಿಲ್ಲ. ಆ ಸಣ್ಣ ಸ್ಪ್ಯಾನರ್ ಕೊಡು" ಎಂದರು.

ಜೆಟ್ಟುಗಳನ್ನು ಒಂದೊಂದಾಗಿ ಬಿಚ್ಚಿ ಬೆಳಕಿಗೆ ಹಿಡಿದರು. ಮೂರರಲ್ಲಿ ಆಕಾಶ ಕಂಡಿತು, ಒಂದರಲ್ಲಿ ಕಾಣಲಿಲ್ಲ. ಅದರೊಳಗೆ ಹುಣಸೆಹಣ್ಣಿನ ಒಂದು ನಾರು ಸಿಕ್ಕಿಕೊಂಡಿತ್ತು. ಆಂಟಿ ಹಣೆ ಚಚ್ಚಿಕೊಂಡರು. ಸೂಜಿ ತರಲೇ ಎಂದರೆ, ತೂತು ದೊಡ್ಡದಾಗುತ್ತದೆ ಬೇಡ ಎಂದು ಬಿಸಿನೀರಿನಲ್ಲಿ ನೆನೆಸಿ, ಒರೆಸಿ, ತುಟಿಗಿಟ್ಟು ಊದಿದರು. ನಾರು ಹೊರಗೆ ಬಂತು. ಅದನ್ನು ಅಂಗೈಯಲ್ಲಿಟ್ಟುಕೊಂಡು ಒಂದು ಗಳಿಗೆ ನೋಡಿದರು. ಮತ್ತೆ ಅದೇ ತುಟಿಯಿಂದ ಊದಿ ಹಾರಿಸಿಬಿಟ್ಟರು.

ಈ ಸಲ ಕಾರು ಬಿಕ್ಕಲಿಲ್ಲ. ನಿಂಬೆಹಣ್ಣು ಚಪ್ಪಟೆಯಾದವು. ಹಳೇ ಮದ್ರಾಸ್ ರಸ್ತೆಗಿಳಿದು, ಇಂದಿರಾನಗರ ದಾಟಿ, ಟಿನ್ ಫ್ಯಾಕ್ಟರಿ ದಾಟಿ, ಕೆ.ಆರ್. ಪುರಂ ರೈಲ್ವೆ ಗೇಟಿನಾಚೆ ರಸ್ತೆ ಬಯಲಾದಾಗ ಆಂಟಿ ಕಾಲು ಒತ್ತಿದರು. ನನ್ನ ಬೆನ್ನು ಸೀಟಿಗೆ ಅಂಟಿಕೊಂಡಿತು. ಮನೆದೇವರನ್ನೆಲ್ಲ ನೆನೆದೆ. ಆ ಕಾರು ಎಲ್ಲೂ ತಡವರಿಸಲಿಲ್ಲ, ಒಂದೇ ಉಸಿರಿನಲ್ಲಿ ಹಾಡಿದ ಹಾಗೆ ಹೋಯಿತು. ವಾಪಸು ಬರುವಾಗ ಕೆರೆಯ ಪಕ್ಕದ ತಿರುವು ಬಂತು. ಅಂಕಲ್ ಒತ್ತುತ್ತಿದ್ದ ಜಾಗದಲ್ಲೇ ಆಂಟಿ ಒತ್ತಿದರು.

"ಬಿಕ್ಕಲಿಲ್ಲ ನೋಡು" ಎಂದರು. ಆಮೇಲೆ, "ಅವ್ರು ಕುಣಿದಾಡ್ಬಿಡ್ತಿದ್ರು ಕಣೇ" ಎಂದವರು ಗೇಟಿನ ಮುಂದೆ ಕಾರು ನಿಲ್ಲಿಸಿಕೊಂಡು ಅತ್ತರು. ಒಂದೂವರೆ ವರ್ಷ ಒಳಗೆ ಹೋಗಿ ಹೋಗಿ ಅಡಗಿಸಿಟ್ಟಿದ್ದ ಅಳುವನ್ನೆಲ್ಲ ಅವತ್ತು ರಸ್ತೆಯಲ್ಲೇ ಅತ್ತುಬಿಟ್ಟರು. ನಾನೂ ಅತ್ತೆ.

ಮರುದಿನ ಆಂಟಿ ಮಹಡಿ ಹತ್ತಿ ಬಂದರು. ಕೈಯಲ್ಲಿ ಬಟ್ಟೆಯ ಗಂಟು. ಹಳೆಯ ಕಾರ್ಬುರೇಟರ್ ಅದರಲ್ಲಿತ್ತು.

"ಇದು ನಿನ್ಹತ್ರ ಇರ್ಲಿ. ಕೆಳಗಿದ್ರೆ ಯಾವತ್ತೋ ಒಂದಿನ ವಾಪಸ್ ಹಾಕ್ಬಿಡ್ತೀನಿ. ನಾನು ಕೇಳಿದ್ರೂ ಕೊಡ್ಬೇಡ."

ಅವರು ಕೇಳಲಿಲ್ಲ. ಎಷ್ಟೋ ಕಾಲದ ಮೇಲೆ ಒಂದು ಸಂಜೆ ಮಾತ್ರ ಮೇಲೆ ಬಂದು, ಬಾಗಿಲಲ್ಲೇ ನಿಂತು "ಇದ್ಯಾ?" ಎಂದರು. "ಐತ್ರೀ" ಎಂದೆ. "ಸರಿ" ಎಂದು, ನಾನು ಮಾಡಿದ ಕಾಫಿ ಕುಡಿದು, ಸಕ್ಕರೆ ಜಾಸ್ತಿಯಾಯಿತೆಂದು ಬೈದು, ಕೆಳಗೆ ಹೋದರು.

ಆಮೇಲೆ ನನಗೆ ಮದುವೆಯಾಗಿ ಮಹದೇವಪುರಕ್ಕೆ ಬಂದೆ. ಗಂಟು ನನ್ನ ಜೊತೆಯೇ ಬಂತು. ಕೆಲವು ವರ್ಷಗಳ ನಂತರ ಆಂಟಿಯೂ ಹೋದರು. ಕಾರನ್ನು ಹಳೆಯ ಕಾರುಗಳನ್ನು ಪ್ರೀತಿಸುವ ಯಾರೋ ಕೊಂಡೊಯ್ದರಂತೆ, ಚೆನ್ನಾಗಿಯೇ ಇಟ್ಟುಕೊಂಡಿರುತ್ತಾರೆ. ಮನೆಯಿದ್ದ ಜಾಗದಲ್ಲಿ ಈಗ ಅಪಾರ್ಟ್‌ಮೆಂಟು. ಆ ಕಡೆ ಹೋದಾಗ ಕೆರೆಯ ತಿರುವಿನಲ್ಲಿ ಆಟೋ ನಿಧಾನ ಮಾಡಿಸುತ್ತೇನೆ. ಯಾಕೆಂದು ಡ್ರೈವರ್ ಕೇಳಿದರೆ, ಕೆರೆ ನೋಡಲು ಎನ್ನುತ್ತೇನೆ.

ಮೊನ್ನೆ ದೀಪಗಳಾದ ಮೇಲೆ ಗಂಟು ಬಿಚ್ಚಿದೆ. ಪ್ರತಿ ಆಯುಧಪೂಜೆಗೂ ನಮ್ಮ ಮನೆಯ ಈಳಿಗೆಮಣೆ, ಕತ್ತರಿಯ ಪಕ್ಕದಲ್ಲಿ ಅದಕ್ಕೂ ಒಂದು ಜಾಗವಿದೆ. ಅದರ ಹಿತ್ತಾಳೆಯ ಜೆಟ್ಟನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ, ತೊಳೆದು, ತುಟಿಗಿಟ್ಟು ಊದಿ, ಕಿಟಕಿಯ ಬೆಳಕಿಗೆ ಹಿಡಿದೆ. ಆಕಾಶ ಕಂಡಿತು. ಮನೆಯಲ್ಲಿ ಯಾರೂ ಇರಲಿಲ್ಲ. ಬಾಯಲ್ಲಿ ಗುರ್ರೆಂದು ಶುರುಮಾಡಿ, ಕೊನೆಗೆ ಒಮ್ಮೆ ಬಿಕ್ಕಿದೆ. ಈ ಸಲ ಎದೆಯಿಂದಲೇ ಬಂತು ಅನ್ನಿಸಿತು... ಹೌದೋ ಅಲ್ಲವೋ ಹೇಳಬಲ್ಲವರು ಒಬ್ಬರೇ ಇದ್ದರು.