ರೇವಮ್ಮ ತಗೊಂಡ ಮಡ್ಲಕ್ಕಿ

ದುದ್ದದ ಹತ್ತಿರ ನಮ್ಮೂರ ಪಂಚಾಯ್ತಿಗೆ ರೇವಮ್ಮನೂ ನಾನೂ ಮೆಂಬರುಗಳು. ದನ ಮೇಯೋ ಗೋಮಾಳವನ್ನು ಗೌರೀಶಂಕರ ತನ್ನ ಕಲ್ಲು ಕ್ರಷರ್‌ಗೆ ಕೇಳಿದಾಗ, ಮನೆಮನೆ ತಿರುಗಿ ಬೇಡ ಅಂದವಳು ಇವಳೇ.

ಅದು ತೀರ್ಮಾನವಾಗೋ ಪಂಚಾಯ್ತಿ ಮೀಟಿಂಗಿನ ಹಿಂದಿನ ದಿನ ಗೌರೀಶಂಕರನ ಹೆಂಡತಿ ಬಂದು, ತವರಿನವರು ಮಗಳಿಗೆ ಹಾಕುವ ಹಾಗೆ ಅಕ್ಕಿ, ಬೆಲ್ಲ, ಕಾಯಿ, ಸೀರೆ ಇಟ್ಟು ರೇವಮ್ಮನಿಗೆ ಮಡ್ಲಕ್ಕಿ ಹಾಕಿದಳು. ಇವಳು ನಗುನಗುತ್ತಾ ಸೆರಗೊಡ್ಡಿ ತಗೊಂಡಳು! ಮಡ್ಲಕ್ಕಿ ಬೇಡ ಅನ್ನಬಾರದು, ಸರಿ. ಆದರೆ ಆ ನಗು ಯಾಕೆ? ಇವಳೂ ಮಾರಿಕೊಂಡಳು ಅಂತ ನನಗೆ ಮೈ ಉರಿಯಿತು.

ಮೀಟಿಂಗಿಗೆ ಅದೇ ಸೀರೆ ಉಟ್ಟು ಬಂದಳು. ಗೌರೀಶಂಕರ ಮೀಸೆಯಡಿ ನಕ್ಕ. ನಾನು ಮುಖ ತಿರುಗಿಸಿದೆ.

ರೇವಮ್ಮ ಎದ್ದು ನಿಂತಳು. “ಮಡ್ಲಕ್ಕಿ ತಗಂಡಿವ್ನಿ. ಇವತ್ತಿಂದ ನಾನು ಇವರ ಮನೆ ಮಗಳು ಕಣ್ರಪ್ಪ. ಮನೆಮಗಳಾಗೇ ಯೋಳ್ತೀನಿ, ನಮ್ಮಣ್ಣಂಗೆ ಗೋಮಾಳ ಕೊಡಬ್ಯಾಡಿ.”