ಬಾದಾಮಿ ಹಾಲು, ಹೋಂ ರನ್ನು

ಅಡುಗೆಮನೆಯಲ್ಲಿ ಸೊಸೆ ಬಾದಾಮಿ ಹಾಲು ಕುದಿಸುತ್ತಿದ್ದಾಳೆ. ಏಲಕ್ಕಿಯ ವಾಸನೆ ಮೆಟ್ಟಿಲಿಳಿದು ಬೇಸ್‌ಮೆಂಟಿನ ನನ್ನ ಕೋಣೆಗೂ ಬಂದಿದೆ. ನಿಮಗೆ ಈ ವಾಸನೆ ಯಾವುದೋ ಮದುವೆಮನೆಯನ್ನು ನೆನಪಿಸಬಹುದು. ನನಗೆ ಬೇಸ್‌ಬಾಲನ್ನು ನೆನಪಿಸುತ್ತದೆ. ನಗುವುದಿದ್ದರೆ ಈಗಲೇ ನಕ್ಕುಬಿಡಿ, ಮುಂದೆ ನಗುವಂಥದ್ದು ಹೆಚ್ಚಿಲ್ಲ.

ನಾನು ಧಾರವಾಡದ ಕಡೆಯವನು. ಹೈಸ್ಕೂಲಿನಲ್ಲಿದ್ದಾಗ ಪುಸ್ತಕಕ್ಕಿಂತ ಗರಡಿಮನೆಯ ಹುಚ್ಚು ಹೆಚ್ಚು. ಪೈಲ್ವಾನನಾಗುವ ಮೈಕಟ್ಟೇನೂ ನನ್ನದಲ್ಲ. ಮಣ್ಣು ಮುಕ್ಕಿದ್ದೇ ಬಹಳ. ಆದರೆ ಖುರಾಕು, ಅಂದರೆ ಪೈಲ್ವಾನರ ಆಹಾರ, ಅದರ ಮೇಲೆ ನನಗೆ ದೇವರಷ್ಟೇ ಭಕ್ತಿ. ಕಸರತ್ತು ಮುಗಿದ ಮೇಲೆ ಕುಸ್ತಿ ಕಲಿಸುವ ವಸ್ತಾದರು ತಮ್ಮ ಕೈಯಾರೆ ಬಾದಾಮಿ ಅರೆದು, ತುಪ್ಪ ಹಾಕಿ, ಹಾಲಿನ ಲೋಟ ಕೊಡುತ್ತಿದ್ದರು. ಒಮ್ಮೆ ಒಬ್ಬ ಲೋಟ ಮೂಸಿ ನೋಡಿದ. "ಲೋಟದಾಗ ಏನೈತಿ ಅಂತ ನೋಡೂದು ವಸ್ತಾದನ್ನ ಅನುಮಾನಿಸಿದಂಗ. ಕಣ್ಣ ಮುಚ್ಚಿ ಕುಡೀಲೇ!" ಎಂದು ಗದರಿದರು. ಗರಡಿಯಲ್ಲಿ ನಾನು ಕಲಿತದ್ದು ಅದೊಂದೇ. ಅದನ್ನೂ ಸಾಮಾನಿನ ಜೊತೆ ಕೆನಡಾಕ್ಕೆ ಹೊತ್ತು ತಂದೆ.

ಇಲ್ಲಿ ಬೋಲ್ಟನ್ನಿನ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವ ಕೆಲಸ. ಆಗ ಮನೆ ವಿಮಾನ ನಿಲ್ದಾಣದ ಪಕ್ಕದ ಮಾಲ್ಟನ್ನಿನಲ್ಲಿ. ವಿಮಾನ ಇಳಿಯುವಾಗ ಮಾತು ಅರ್ಧಕ್ಕೆ ನಿಲ್ಲಿಸಿ ಕಾಯಬೇಕು. ಮಗ ವಿನಯನಿಗೆ ಕುಸ್ತಿಯ ಗಂಧವಿಲ್ಲ, ಬೇಸ್‌ಬಾಲಿನ ಹುಚ್ಚು. ಆ ಆಟ ನನಗೆ ತಿಳಿಯುತ್ತಲೇ ಇರಲಿಲ್ಲ. ಹೊಡೆದವನು ಬ್ಯಾಟು ಬಿಸಾಕಿ ಓಡುತ್ತಾನಲ್ಲ, ಎಂಥ ಅಪಶಕುನ ಎಂದು ಬೇಲಿಯಾಚೆ ನಿಂತು ಗೊಣಗುತ್ತಿದ್ದೆ. ಚೆಂಡು ಬೇಲಿ ದಾಟಿದರೆ ಹೋಂ ರನ್ ಎಂಬುದಷ್ಟು ತಿಳಿಯಿತು. ಅಷ್ಟು ತಿಳಿದದ್ದೇ ಕೇಡಾಯಿತು.

ವಿನಯನ ಹೊಡೆತ ಬೇಲಿಯ ಹತ್ತಿರ ಹೋಗಿ ಸೋತು ಬೀಳುತ್ತಿತ್ತು.

"ಇನ್ನಷ್ಟು ಕಸುವು ಬೇಕಪಾ."

"ಕಸುವಲ್ಲ ಅಪ್ಪಾ, ಇಟ್ಸ್ ಟೈಮಿಂಗ್."

ನಾನು ಕೇಳಬೇಕಲ್ಲ! ಶಿಫ್ಟಿನಲ್ಲಿ ನನ್ನ ಜೊತೆಗಿದ್ದ, ಜಿಮ್ಮಿನ ಚಟದ ಒಬ್ಬಾತ, "ಅಂಕಲ್‌ಜೀ, ಸಬ್ ಲೇತೇ ಹೈ" ಎಂದ. ಎಲ್ಲರೂ ತೆಗೆದುಕೊಳ್ಳುತ್ತಾರಂತೆ. ಕಸುವೇರಿಸುವ ಮದ್ದಿನ ಮಾತ್ರೆಯ ಪೊಟ್ಟಣ ತಂದುಕೊಟ್ಟ. ನಾನು ಅವನ್ನು ಬಾದಾಮಿಯ ಜೊತೆ ಅರೆದು ಹಾಲಿಗೆ ಬೆರೆಸಿದೆ, ಆ ಬೇಸಿಗೆಯಿಡೀ. ಏನಿದೆ ಎಂದು ಮಗ ಕೇಳಲಿಲ್ಲ. ಕೇಳಬಾರದೆಂದು ಬೆಳೆಸಿದವನು ನಾನೇ.

ಅದೇನೆಂದು ನನಗೆ ಗೊತ್ತಿರಲಿಲ್ಲ ಎಂದು ಬರೆಯಲು ಕೈ ತುರಿಸುತ್ತಿದೆ. ಗೊತ್ತಿತ್ತು. ಗೊತ್ತಿಲ್ಲದ ವಸ್ತುವನ್ನು ಯಾರೂ ಹೆಂಡತಿಗೆ ಕಾಣದಂತೆ ಬಚ್ಚಿಡುವುದಿಲ್ಲ.

ಮಗನ ಹೆಗಲು ಹಿಗ್ಗಿತು. ಮುಖದ ತುಂಬ ಮೊಡವೆ, ಮಾತುಮಾತಿಗೆ ಸಿಡುಕು. ಚೆಂಡುಗಳು ಬೇಲಿ ದಾಟಿ ಪಾರ್ಕಿಂಗಿನಲ್ಲಿ ಬೀಳತೊಡಗಿದವು. ಒಂದೇ ಬೇಸಿಗೆಯಲ್ಲಿ ಅಷ್ಟು ಹೋಂ ರನ್ನುಗಳನ್ನು ಆ ಹುಡುಗರ ಲೀಗಿನಲ್ಲಿ ಹಿಂದೆ ಯಾರೂ ಹೊಡೆದಿರಲಿಲ್ಲ. ನಾನು ಜಿಲೇಬಿ ಹಂಚಿದೆ. ಉಳಿದ ಹುಡುಗರ ಅಪ್ಪ ಅಮ್ಮಂದಿರು ಜಿಲೇಬಿ ತಿನ್ನುತ್ತಲೇ, ಹುಡುಗ ಮದ್ದು ತಿಂದಿದ್ದಾನೆ ಎಂದು ಪಿಸುಗುಟ್ಟಿದರು. ಲೀಗಿನಲ್ಲಿ ಪರೀಕ್ಷೆ ಮಾಡಿಸುವ ಪದ್ಧತಿ ಇರಲಿಲ್ಲವಾದ್ದರಿಂದ ಸಂಶಯ ಸಂಶಯವಾಗಿಯೇ ಉಳಿಯಿತು. ಕೋಚು ಕರೆದು ಕೇಳಿದಾಗ, ಏನೂ ತಿಂದಿಲ್ಲವೆಂದು ವಿನಯ ಅವ್ವನ ಆಣೆ ಮಾಡಿದ. ನಾನು ಪಕ್ಕದಲ್ಲೇ ನಿಂತಿದ್ದೆ. ಮರುವರ್ಷ ಅವನು ಬ್ಯಾಟು ಮುಟ್ಟಲಿಲ್ಲ. ಅವನ ಅವ್ವ ತೀರಿಕೊಳ್ಳುವ ತನಕ ಮಗನನ್ನು ಸಂಶಯಿಸಿದ ಆ ಜನರನ್ನು ಶಪಿಸುತ್ತಲೇ ಇದ್ದಳು. ಶಾಪ ಯಾರಿಗೆ ತಗಲುತ್ತಿದೆಯೆಂದು ಆಕೆಗೆ ತಿಳಿಯಲಿಲ್ಲ.

ಆಮೇಲೆ ನಾನು ವಕೀಲನಾದೆ, ಕೋರ್ಟಿನಲ್ಲಲ್ಲ, ಕಾಫಿಯ ಮೇಜಿನಲ್ಲಿ. ಈಗ ಎರಿನ್ ಮಿಲ್ಸಿನಲ್ಲಿ ಮಗನ ಮನೆಯಲ್ಲಿದ್ದೇನೆ. ಹತ್ತಿರದ ಮಾಲಿನಲ್ಲಿ ನಾವು ಕೆಲವು ಮುದುಕರು ಕಾಫಿಗೆ ಸೇರುತ್ತೇವೆ. ಮದ್ದು ತಿಂದ ಗುಮಾನಿಯಿರುವ ದೊಡ್ಡ ಆಟಗಾರರ ದಾಖಲೆಗಳನ್ನು ಕೊಂಡಾಡಬೇಕೆ ಬೇಡವೆ ಎಂಬ ಜಗಳ ಅಲ್ಲಿ ಹಳಸುವುದೇ ಇಲ್ಲ.

"ಸಿಕ್ಕಿಬಿದ್ದಾನೇನ್ರಿ? ಇಲ್ಲಲ್ಲ? ಸುಮ್ಮನ ಚಪ್ಪಾಳಿ ತಟ್ರಿ," ಎಂದು ನಾನು ಮೇಜು ಗುದ್ದುತ್ತಿದ್ದೆ.

"ಸಿಕ್ಕಿಬೀಳದೆ ಇರೋದೇ ಸಾಚಾತನ ಆದ್ರೆ ನಮ್ಮೂರ ಕಳ್ರೆಲ್ಲ ಸಾಧುಗಳು ಕಣ್ರೀ," ಎನ್ನುತ್ತಿದ್ದರು ಮೈಸೂರಿನ ನಂಜುಂಡಯ್ಯನವರು. "ಅಲ್ಲಾ ಸ್ವಾಮಿ, ಆ ಆಟಗಾರ ನಿಮಗೇನು ಬೀಗರಾ? ಇಷ್ಟೊಂದು ವಕಾಲತ್ತು ಯಾಕೆ?"

ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಕಳೆದ ತಿಂಗಳು ಆ ಲೀಗಿನವರು ಮೈದಾನದಲ್ಲಿ ಹಳೆಯ ದಾಖಲೆಗಳ ಫಲಕ ಹಾಕಲು ಹೊರಟರು. ವಿನಯನ ಹೆಸರು ಬಂದಾಗ ಹಳೆಯ ಸಂಶಯವೂ ಎದ್ದು ಕೂತಿತು. ಅರ್ಧ ತಲೆ ನರೆತ ನನ್ನ ಮಗ ಸಮಿತಿಯೆದುರು ನಿಂತು ಮತ್ತೆ ಆಣೆ ಮಾಡಿದ. ಅವರು ಒಪ್ಪಿದರು, ಭಾನುವಾರ ಸಮಾರಂಭ ಎಂದರು. ನಾನೂ ಜೊತೆಗೆ ಹೋಗಿದ್ದೆ. ಮರಳುವಾಗ ಕಾರಿನಲ್ಲಿ ಅವನು ಸಿಳ್ಳೆ ಹಾಕುತ್ತಿದ್ದ. ಆ ಬೇಸಿಗೆಯ ನಂತರ ಅವನ ಸಿಳ್ಳೆ ನಾನು ಕೇಳಿರಲಿಲ್ಲ. ಸುಮ್ಮನಿದ್ದುಬಿಡಬಹುದಿತ್ತು. ಮಗನ ಸಂತೋಷಕ್ಕಾಗಿ ಸುಮ್ಮನಿರುವುದೂ ಒಂದು ಪುಣ್ಯವೇ ಎಂದು ಮನಸ್ಸು ಹೇಳುತ್ತಿತ್ತು. ಅಷ್ಟರಲ್ಲಿ ಅವನೆಂದ:

"ಸಂಡೇ ನೀನೂ ಸ್ಟೇಜ್ ಮ್ಯಾಲೆ ಬರಬೇಕಪ್ಪಾ. ನನ್ನ ಮ್ಯಾಲೆ ಡೌಟ್ ಪಡದವ ನೀ ಒಬ್ಬನೇ."

ನಿಜ. ಎಲ್ಲರಿಗೂ ಸಂಶಯವಿತ್ತು. ಸಂಶಯವೇ ಇಲ್ಲದವನು ನಾನೊಬ್ಬನೇ.

ಹೇಳಿಬಿಟ್ಟೆ.

ಅವನು ಕಾರನ್ನು ಒಂದು ಅಂಗಡಿಯ ಮುಂದೆ ನಿಲ್ಲಿಸಿದ. ಬೈಯುತ್ತಾನೆಂದು ಕಾದೆ, ಬೈದಿದ್ದರೆ ಒಳ್ಳೆಯದಿತ್ತು. ಸಿಟ್ಟು ಬಂದರೆ ಇಂಗ್ಲಿಷಿಗೆ ಹೊರಳುವ ಮಗ ಅಂದು ಕನ್ನಡದಲ್ಲೇ, ಬಹಳ ಮೆಲ್ಲಗೆ ಕೇಳಿದ: "ಹಂಗಾದ್ರ ಅದರಾಗ ನನ್ನವು ಯಾವು?"

ಆ ಹೋಂ ರನ್ನುಗಳಲ್ಲಿ ಕೆಲವಂತೂ ಅವನವೇ. ಬಹಳಷ್ಟು ಅವನವೇ ಇರಬೇಕು. ಯಾವುವು ಎಂದು ಯಾವ ದೇವರೂ ಈಗ ಬೇರೆ ಮಾಡಿ ಕೊಡಲಾರ. ಮಾಲಿನಲ್ಲಿ ಇಷ್ಟು ವರ್ಷ ಮೇಜು ಗುದ್ದಿದರೂ, ಮದ್ದು ಬೆರೆತ ಮೇಲೆ ನಿಜವಾದ ಹೊಡೆತವೂ ಕಳುವಾಗುತ್ತದೆಂಬುದು ನನ್ನ ತಲೆಗೆ ಹೊಳೆದಿರಲಿಲ್ಲ. ಮನೆಗೆ ಬಂದವನೇ ವಿನಯ ಲೀಗಿಗೆ ಫೋನು ಮಾಡಿ ತನ್ನ ಹೆಸರು ತೆಗೆಸಿದ. ಕಾರಣ ಹೇಳಲಿಲ್ಲ. ಅವರು ತಮಗೆ ಬೇಕಾದ ಕಾರಣವನ್ನೇ ಅಂದುಕೊಂಡಿರುತ್ತಾರೆ. ಈಗಲೂ ಮರ್ಯಾದೆ ಹೋದದ್ದು ಅವನದೇ. ನಾಳೆ ನಾನು ಕೋಲೂರಿಕೊಂಡು ಆ ಸಮಿತಿಯವರ ಬಳಿ ಹೋಗುವವನಿದ್ದೇನೆ.

ಮೇಲಿನಿಂದ ಸೊಸೆ ಕರೆದಳು. ಹತ್ತಿ ಹೋದೆ. "ಮಾವಾ, ಇದನ್ನ ಇಳಾಗೆ ಕೊಡ್ತೀರಾ?" ಎಂದು ಲೋಟ ಕೈಗಿಟ್ಟಳು. ಅವಳಿಗೆ ವಿನಯ ಇನ್ನೂ ಏನೂ ಹೇಳಿಲ್ಲ. ಮೊಮ್ಮಗಳು ತಂದೆಯ ಪಕ್ಕದಲ್ಲಿ ಕೂತು ಶೂಸಿನ ಲೇಸು ಕಟ್ಟುತ್ತಿದ್ದಳು. ಅವಳಿಗೂ ಈಗ ಬೇಸ್‌ಬಾಲಿನ ಹುಚ್ಚು. ಅವಳು ಕೇಳುವ ಮೊದಲೇ ನಾನು ಹೇಳಿದೆ: "ಹಾಲು, ಬಾದಾಮಿ, ಏಲಕ್ಕಿ, ಸಕ್ಕರಿ. ಅಷ್ಟೇ ಐತಿ, ಪುಟ್ಟಿ."

ಇಳಾ ಕೈ ಚಾಚಿದಳು. ಅದಕ್ಕೂ ಮುಂಚೆ ವಿನಯ ನನ್ನ ಕೈಯಿಂದ ಲೋಟ ತೆಗೆದುಕೊಂಡ. ನನ್ನ ಮುಖ ನೋಡದೆ ಒಂದು ಗುಟುಕು ಕುಡಿದ. ಸ್ವಲ್ಪ ಹೊತ್ತು ತಡೆದ.

ಆಮೇಲೆ ಮಗಳಿಗೆ ಕೊಟ್ಟ.